ಮೊಳಕಾಲ್ಮೂರು ಮಾರ್ಗವಾಗಿ ಯುರೋಪಿಗೆ

ಆಷಾಢದ ಒಂದು ಶನಿವಾರ ಮಧ್ಯಾಹ್ನ ಎರಡೂವರೆಗೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಟಿಕೆಟ್ಟು ಹದಿನೆಂಟು ರೂಪಾಯಿ. ಹೆಗಲಿನ ಚೀಲದಲ್ಲಿ ಒಂದು ಜೊತೆ ಬಟ್ಟೆ, ನಲವತ್ತೆರಡು ಪ್ರಶ್ನೆಗಳಿರುವ ಮೂವತ್ತು ನಮೂನೆಗಳು, ಇನ್ನೂ ಯಾರ ಸಹಿಯೂ ಬೀಳದ ಎರಡು ಅರ್ಜಿಗಳು ಇದ್ದವು. ಯುರೋಪಿನ ಜನ ಯುರೋ ಎಂಬ ತಮ್ಮ ಹೊಸ ಜಂಟಿ ನೋಟನ್ನು ಮೊದಲ ಸಲ ಕೈಯಲ್ಲಿ ಹಿಡಿದ ವರ್ಷ ಅದು. ಅದರ ಸಂತೋಷ ಚಳ್ಳಕೆರೆಯಲ್ಲಿ ನನ್ನೊಬ್ಬನಿಗೇ ಆದಂತಿತ್ತು.

ಪ್ರಯಾಣದ ಕಾರಣವನ್ನು ಓದುಗರಲ್ಲಿ ಮೊದಲೇ ನಿವೇದಿಸಿಕೊಳ್ಳಬೇಕು. ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಲು ಶುರುಮಾಡಿ ಹದಿನಾಲ್ಕು ವರ್ಷವಾಗಿತ್ತು. ಅದರಲ್ಲಿ ಏಳು ವರ್ಷ ಪಿಎಚ್.ಡಿ.ಗೆ ನೋಂದಾಯಿತ. ವಿಷಯ, ಯುರೋಪಿನ ರಾಜಕೀಯ ಅರ್ಥಶಾಸ್ತ್ರ. ಅಲ್ಲಿನ ಸರ್ಕಾರಗಳು ಕಳೆದ ಕಾಲು ಶತಮಾನದಲ್ಲಿ ಮಾರುಕಟ್ಟೆಯಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದದ್ದು ಹೇಗೆ, ಹಾಗೆ ಸರಿಯುವುದೇ ಧರ್ಮವೆಂದು ಸಾರಿದ ನವ ಉದಾರವಾದ ಎಂಬ ವಿಚಾರ ಬೆಳೆದದ್ದು ಹೇಗೆ ಎಂಬುದು ನನ್ನ ಅಧ್ಯಯನ. ಈ ವಿಷಯದಲ್ಲಿ ಚಳ್ಳಕೆರೆ ತಾಲ್ಲೂಕಿಗೆ ನಾನೇ ಅಧಿಕೃತ ವಿದ್ವಾಂಸ. ಎರಡನೆಯವರು ಯಾರೂ ಸ್ಪರ್ಧೆಗೆ ಇಳಿದಿರಲಿಲ್ಲ. ಯುರೋಪನ್ನು ಕಂಡವನಲ್ಲ. ಪಶ್ಚಿಮ ದಿಕ್ಕಿಗೆ ನಾನು ಹೋಗಿರುವ ಕೊನೆಯ ಸ್ಥಳ ಕಾರವಾರದ ಕಡಲತೀರ. ಅಲ್ಲಿ ನಿಂತು ಆ ಕಡೆಗೆ ಒಂದು ಗಂಟೆ ನೋಡಿದ್ದುಂಟು. ಲಂಡನ್ನಿನ ಒಂದು ವಾರಪತ್ರಿಕೆ ಬೆಂಗಳೂರಿನ ಗೆಳೆಯನ ಕೈದಾಟಿ ಹದಿನೇಳು ದಿನ ತಡವಾಗಿ ನನಗೆ ತಲುಪುತ್ತಿತ್ತು. ಅಲ್ಲಿ ಬಿದ್ದುಹೋದ ಸರ್ಕಾರಗಳು ನನ್ನ ಮೇಜಿನ ಮೇಲೆ ಇನ್ನೂ ಹದಿನೇಳು ದಿನ ಆಡಳಿತ ನಡೆಸುತ್ತಿದ್ದವು.

ಅದರ ಹಿಂದಿನ ತಿಂಗಳು ವಿಶ್ವವಿದ್ಯಾಲಯದ ಮೂವರ ಸಮಿತಿ ನನ್ನನ್ನು ಕರೆಸಿತು. ಅಧ್ಯಕ್ಷರು ಸಜ್ಜನರು, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೇ ತಳ್ಳಿದರು.

“ಅಲ್ರೀ, ಪಕ್ಕದಲ್ಲೇ ಮೊಳಕಾಲ್ಮೂರು ಇಟ್ಕೊಂಡು ಯುರೋಪ್ ಯಾಕೆ ನಿಮಗೆ? ಯುರೋಪನ್ನ ಯುರೋಪಿನವರು ನೋಡ್ಕೋತಾರೆ. ನೀವು ರೇಷ್ಮೆ ಸೀರೆ ಮೇಲೆ ಬರೀರಿ, ವರ್ಷದೊಳಗೆ ಮುಗಿಯುತ್ತೆ” ಎಂದರು.

ಬರೀ ಸಲಹೆಯಾಗಿದ್ದರೆ ಬಿಸ್ಕತ್ತಿನ ಜೊತೆ ನುಂಗಿಬಿಡುತ್ತಿದ್ದೆ. ಆದರೆ ನನ್ನ ನೋಂದಣಿಯ ಅವಧಿ ಮುಗಿದಿತ್ತು. ಮುಂದುವರಿಸಬೇಕಾದರೆ ಮಾರ್ಗದರ್ಶಕರು ಸಹಿ ಮಾಡಿದ ಅರ್ಜಿ ಸೋಮವಾರ ಸಂಜೆ ಐದರೊಳಗೆ ಕಚೇರಿ ಮುಟ್ಟಬೇಕು. ಹಳೆಯ ಶೀರ್ಷಿಕೆಗೆ ಒಂದು ಅರ್ಜಿ, ‘ಮೊಳಕಾಲ್ಮೂರಿನ ಕೈಮಗ್ಗ ನೇಕಾರರ ಸ್ಥಿತಿಗತಿ’ ಎಂಬ ಹೊಸ ಶೀರ್ಷಿಕೆಗೆ ಇನ್ನೊಂದು. ಯಾವುದೂ ಮುಟ್ಟದಿದ್ದರೆ ಏಳು ವರ್ಷವೂ ಸೊನ್ನೆ. ಪ್ರಶ್ನಾವಳಿಯನ್ನು ಅಧ್ಯಕ್ಷರೇ ತಯಾರಿಸಿ ಕೊಟ್ಟಿದ್ದರು.

ನನ್ನ ಮಾರ್ಗದರ್ಶಕರು ನಿವೃತ್ತರಾಗಿ ರಾಂಪುರದಲ್ಲಿದ್ದರು. ಅಕ್ಕನ ಮಗನ ಬಿತ್ತನೆ ಬೀಜದ ಅಂಗಡಿಯಲ್ಲಿ ಹಗಲು ಹೊತ್ತು ಕೂರುತ್ತಿದ್ದರು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಸಂಗತಿ ಹೇಳಿದೆ. ಅವರು, “ಒಂದು ದಿನ ಆ ನಲವತ್ತೆರಡು ಪ್ರಶ್ನೆ ಹಿಡ್ಕೊಂಡು ನೇಕಾರರ ಬೀದಿಗೆ ಹೋಗು. ಅಲ್ಲಿಂದ ನನ್ನ ಹತ್ರ ಬಾ. ಯಾವ ಕಾಗದ ಮುಂದಿಡ್ತೀಯೋ ಅದಕ್ಕೆ ಸಹಿ ಹಾಕ್ತೀನಿ. ಯಾಕೆ ಅಂತ ಮಾತ್ರ ಹೇಳ್ಬೇಕು” ಎಂದು ಫೋನಿಟ್ಟರು.

ಯುರೋಪನ್ನು ಬಿಡುವುದಿಲ್ಲವೆಂದು ನಾನು ಅಂದೇ ತೀರ್ಮಾನಿಸಿದ್ದೆ. ಯಾಕೆ ಬಿಡುವುದಿಲ್ಲ ಎಂಬುದಕ್ಕೆ ನನ್ನಲ್ಲಿದ್ದ ಉತ್ತರ ಒಂದೇ, ಏಳು ವರ್ಷ ಆಗಿಹೋಗಿದೆ. ಹಠಕ್ಕೆ ಇಷ್ಟು ಸಾಕು. ಮಾರ್ಗದರ್ಶಕರಿಗೆ ಸಾಲದು.

ಬಸ್ಸು ತಳಕು ತಲುಪುವ ಹೊತ್ತಿಗೆ ಗಾಳಿ ಎದ್ದಿತ್ತು. ಆಷಾಢದಲ್ಲಿ ನಮ್ಮ ಸೀಮೆಗೆ ಮಳೆಯ ಬದಲಿಗೆ ಗಾಳಿಯೇ ಬರುತ್ತದೆ. ಕಿಟಕಿಯ ಗಾಜುಗಳು ಬಸ್ಸಿಗಿಂತ ಜಾಸ್ತಿ ಓಡಲು ಹವಣಿಸುತ್ತಿದ್ದವು. ತಳಕಿನಲ್ಲಿ ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಹತ್ತಿ ನನ್ನ ಪಕ್ಕ ಕೂತ. ಪರಶುರಾಂಪುರದ ಕಡೆಯವನಂತೆ, ಹಾನಗಲ್ಲಿನ ನೆಂಟರ ಮನೆಗೆ ಹೊರಟಿದ್ದ. ಸ್ವಲ್ಪ ಹೊತ್ತು ನನ್ನ ಚೀಲವನ್ನು ಪರಾಂಬರಿಸಿ ಕೇಳಿದ.

“ಸೊಸೈಟಿ ಕಡೆಯೋರಾ?”

“ಮೇಷ್ಟ್ರು. ಯುರೋಪ್ ದೇಶಗಳ ವಿಚಾರ ಓದ್ತೀನಿ.”

“ಹೋಗಿ ಬಂದೀರಾ?”

“ಇಲ್ಲ.”

“ಹೋಗಾರಿದೀರಾ?”

“ಸದ್ಯಕ್ಕೆ ಇಲ್ಲ.”

ಅವನು ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿದ. ಕೊನೆಗೆ, “ಕಷ್ಟ ಐತೆ ಬಿಡ್ರಿ ನಿಮ್ ಕೆಲ್ಸ” ಎಂದು ಎಲೆಯಡಿಕೆ ಕೊಟ್ಟ. ನನ್ನ ಸಂಶೋಧನೆಯ ಬಗ್ಗೆ ಅದುವರೆಗೆ ಬಂದ ವಿಮರ್ಶೆಗಳಲ್ಲಿ ಇಷ್ಟು ಕರುಣೆಯುಳ್ಳದ್ದು ಇನ್ನೊಂದಿಲ್ಲ.

ಹಾನಗಲ್ಲಿನಲ್ಲಿ ಅವನು ಇಳಿದ. ಬಸ್ಸು ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿ, ಬಂಡೆಗುಡ್ಡಗಳ ನಡುವೆ ನುಗ್ಗಿ, ಐದರ ಸುಮಾರಿಗೆ ಮೊಳಕಾಲ್ಮೂರಿನಲ್ಲಿ ನಿಂತಿತು. ಐವತ್ತು ಕಿಲೋಮೀಟರಿಗೆ ಕೊಂಚ ಕಡಿಮೆ ದೂರ, ಎರಡೂವರೆ ಗಂಟೆ. ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ಅರವತ್ತು ರೂಪಾಯಿಗೆ ಕೋಣೆ ಸಿಕ್ಕಿತು. ರಿಜಿಸ್ಟರಿನಲ್ಲಿ ಬಂದ ಉದ್ದೇಶ ಎಂಬ ಕಲಮಿನಲ್ಲಿ ‘ಸಂಶೋಧನೆ’ ಎಂದು ಬರೆದೆ. ಮ್ಯಾನೇಜರು ಕನ್ನಡಕ ಏರಿಸಿ, “ಕಲ್ಲು ನೋಡೋರಾ?” ಎಂದ. ಸುತ್ತಲ ಗುಡ್ಡಗಳಲ್ಲಿ ಹಳೆಯ ಶಾಸನಗಳಿರುವುದರಿಂದ ಅಲ್ಲಿಗೆ ಬರುವ ವಿದ್ವಾಂಸರೆಲ್ಲ ಕಲ್ಲಿನವರೇ. ಮನುಷ್ಯರನ್ನು ನೋಡಲು ಬಂದವನು ಎಂದೆ. ಮ್ಯಾನೇಜರಿಗೆ ನನ್ನ ಮೇಲಿನ ಗೌರವ ಇಳಿದದ್ದು ಸ್ಪಷ್ಟವಾಗಿ ಕಾಣಿಸಿತು. ಮುದ್ದೆ, ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ ಉಂಡು ಮಲಗಿದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ನೇಕಾರರ ಬೀದಿ ಸೇರಿದಾಗ ಬೀದಿಯೇ ಬಂದ್ ಆಗಿತ್ತು. ಈ ತುದಿಯ ಕಲ್ಲುಕಂಬದಿಂದ ಆ ತುದಿಯ ಬೇವಿನ ಮರದವರೆಗೆ, ಎದೆಯೆತ್ತರದಲ್ಲಿ, ಐದು ಸೀರೆಗಾಗುವಷ್ಟು ಉದ್ದದ ಕೆಂಪು ರೇಷ್ಮೆ ಹಾಸನ್ನು ಬಿಗಿದಿದ್ದರು. ಮಗ್ಗಕ್ಕೆ ಏರುವ ಮುನ್ನ ಉದ್ದದ ಎಳೆಗಳನ್ನು ಹೀಗೆ ಬೀದಿಯಲ್ಲಿ ಬಿಡಿಸಿ, ಕಡಿದ ಎಳೆಗಳಿಗೆ ಗಂಟು ಹಾಕಿ, ಒಂದು ಮರದ ದಿಂಡಿಗೆ ಸುತ್ತಿಕೊಳ್ಳುತ್ತಾರೆ. ಗಾಳಿ ಏಳುವುದರೊಳಗೆ ಕೆಲಸ ಮುಗಿಯಬೇಕು. ಹಾಸಿನ ಅಡಿಗೆ ಮೂರು ಕಡೆ ಅಡ್ಡಕೋಲು ಕೊಟ್ಟಿರುತ್ತಾರೆ. ಒಂದೊಂದು ಕೋಲನ್ನು ಒಬ್ಬೊಬ್ಬರು ಎತ್ತಿ ಹಿಡಿದು, ದಿಂಡು ಸುತ್ತಿದಂತೆಲ್ಲ ಅಂಗುಲ ಅಂಗುಲವಾಗಿ ಮುಂದಕ್ಕೆ ನಡೆಯಬೇಕು.

ದಿಂಡಿನ ಹತ್ತಿರ ಅರವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಹೆಸರು ತಿಪ್ಪಕ್ಕ ಎಂದು ಆಮೇಲೆ ತಿಳಿಯಿತು. ಅವಳ ಗಂಡ ಓಬಣ್ಣ ಒಂದು ಕೋಲು, ಮಗಳು ಸರೋಜ ಇನ್ನೊಂದು ಕೋಲು ಹಿಡಿದಿದ್ದರು. ನಡುವಿನ ಕೋಲು ಹಿಡಿಯಬೇಕಾದ ಅಳಿಯ ರಾಯದುರ್ಗಕ್ಕೆ ಮದುವೆಗೆ ಹೋದವನು ಬಂದಿರಲಿಲ್ಲ. ನಾನು ಕೆಮ್ಮಿ, ನಮಸ್ಕಾರ ಹೇಳಿ, ವಿಶ್ವವಿದ್ಯಾಲಯದ ಹೆಸರು ತೆಗೆಯುವಷ್ಟರಲ್ಲಿ ತಿಪ್ಪಕ್ಕ ಕೇಳಿದಳು.

“ಕೈ ಖಾಲಿ ಐತಾ?”

ಹಾಸು ಕಟ್ಟಿದ ಬೀದಿಗೆ ಯಾರು ಬಂದರೂ ಕೋಲು ಹಿಡಿಯಬೇಕು. ಅಂಚೆಯವನಾಗಲಿ ನೆಂಟನಾಗಲಿ ವಿನಾಯಿತಿ ಇಲ್ಲ. ಚೀಲವನ್ನು ಕಟ್ಟೆಯ ಮೇಲಿಟ್ಟು, ಒಂದು ನಮೂನೆಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು, ನಡುವಿನ ಕೋಲು ಹಿಡಿದೆ. ಹಿಡಿದುಕೊಂಡೇ ಪ್ರಶ್ನೆ ಶುರುಮಾಡಿದೆ. ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ. ಆರು ಉತ್ತರಗಳನ್ನು ನೆನಪಿನಲ್ಲಿಟ್ಟುಕೊಂಡೆ. ಏಳನೆಯದು ಉದ್ಯೋಗದ ಸ್ವರೂಪ. ಮಾಲೀಕ, ಕೂಲಿ, ಸ್ವಯಂ ಉದ್ಯೋಗಿ, ಇವುಗಳಲ್ಲಿ ಯಾವುದು?

“ಮಗ್ಗ ನಮ್ದು. ನೂಲು ಸಾವ್ಕಾರ್ದು. ಬಣ್ಣ ಅವ್ರು ಹೇಳಿದ್ದು, ಬುಟ್ಟಾ ಅವ್ರು ಹೇಳಿದ್ದು. ಬೆನ್ನು ನಮ್ದು” ಎಂದ ಓಬಣ್ಣ. “ಇದಕ್ಕೆ ಏನಂತ ಬರ್ಕಂತೀರ?”

ಸ್ವಯಂ ಉದ್ಯೋಗಿ ಎಂದು ಬರೆದುಕೊಳ್ಳಬೇಕು. ನನ್ನ ಯುರೋಪಿನ ವರದಿಗಳಲ್ಲೂ ಇಂಥವರನ್ನು ಆ ಕಲಮಿಗೇ ತಳ್ಳುತ್ತಾರೆ. ವಿದ್ವಾಂಸನ ಅಭ್ಯಾಸ ಕೈಯನ್ನು ಬಿಡಲಿಲ್ಲ. ಕೋಲನ್ನು ಎಡಗೈಗೆ ವರ್ಗಾಯಿಸಿ ಬಲಗೈಯಿಂದ ಪೆನ್ನು ತೆಗೆದೆ. ಕೋಲು ಓರೆಯಾಯಿತು. ಬಲ ಅಂಚಿನ ಎಳೆಗಳು ಬಿಗಿದು, ತೆಳ್ಳಗೆ ಒಂದು ಸದ್ದು ಮಾಡಿ, ಕಡಿದುಹೋದವು. ಸರೋಜ ಬಗ್ಗಿ ಎಣಿಸಿದಳು. ಹನ್ನೊಂದು.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಪೋನೀಲೇ” ಎಂದು ಓಬಣ್ಣ ಹೋಗಲಿ ಬಿಡು ಅನ್ನುವುದನ್ನು ಹೆಂಡತಿಗೆ ತೆಲುಗಿನಲ್ಲಿ ಹೇಳಿದ.

ತಿಪ್ಪಕ್ಕ ನನ್ನ ಕಡೆ ನೋಡದೆಯೇ ಹೇಳಿದಳು. “ಬರಕಣದು ಆಮ್ಯಾಲೆ ಬರಕಳ್ರಿ. ಇದನ್ನ ಎರಡೂ ಕೈಲಿ ಹಿಡೀಬೇಕು. ಅವು ಗಂಟಾಗಗಂಟ ಅಲ್ಲಾಡಬ್ಯಾಡ್ರಿ.”

ಸರೋಜ ತನ್ನ ಕೋಲನ್ನು ಗೂಟಕ್ಕೆ ಕಟ್ಟಿ ಗಂಟು ಹಾಕಲು ಕೂತಳು. ಎಳೆಯ ಎರಡು ತುದಿ ಹುಡುಕಬೇಕು, ಬೆರಳಿಗೆ ಬೂದಿ ಸವರಿ ಹೊಸೆಯಬೇಕು. ಒಂದೊಂದಕ್ಕೂ ಒಂದೆರಡು ನಿಮಿಷ. ರಾಂಪುರದ ಒಂಬತ್ತರ ಬಸ್ಸನ್ನು ಮನಸ್ಸಿನಲ್ಲೇ ಬೀಳ್ಕೊಟ್ಟೆ. ಎರಡೂ ಕೈ ಕಟ್ಟಿಬಿದ್ದ ಮನುಷ್ಯ ಬರೆದುಕೊಳ್ಳಲಾರ. ಬರೆದುಕೊಳ್ಳಲಾರದವನು ಪ್ರಶ್ನೆ ಕೇಳಿ ಏನು ಮಾಡಿಯಾನು? ಆಗ ಅವರು ಕೇಳಲು ಶುರುಮಾಡಿದರು.

“ಯಾವಾಗ್ಲೂ ಇದೇ ಕೆಲ್ಸನಾ ನಿಮ್ದು, ನೇಕಾರ್ರನ್ನ ಕೇಳೋದು?” ಎಂದ ಓಬಣ್ಣ.

“ಇಲ್ಲ. ನಾನು ಓದೋದು ಯುರೋಪಿನ ವಿಚಾರ.”

“ಅಲ್ಲೂ ಮಗ್ಗ ಇದಾವಾ?”

ಇದ್ದವು ಎಂದೆ. ಫ್ರಾನ್ಸಿನಲ್ಲಿ ಲಿಯಾನ್ ಎಂಬ ಊರಿದೆ, ನೂರೆಪ್ಪತ್ತು ವರ್ಷದ ಹಿಂದೆ ಊರು ತುಂಬ ರೇಷ್ಮೆ ಮಗ್ಗ. ಮಗ್ಗ ನೇಕಾರರದು, ನೂಲು ವ್ಯಾಪಾರಿಗಳದು.

“ಸಾವ್ಕಾರ್ರು ಅಲ್ಲೂ ಇದ್ರು ಅನ್ನು” ಎಂದು ಓಬಣ್ಣ ಮಗಳ ಕಡೆ ತಿರುಗಿದ.

ಅಲ್ಲಿನ ನೇಕಾರರು ಒಂದು ಮೊಳ ಬಟ್ಟೆಗೆ ಇಂತಿಷ್ಟು ಅಂತ ದರ ಕಟ್ಟಿಕೊಡಿ ಎಂದು ಕೇಳಿದರು. ಊರಿನ ಅಧಿಕಾರಿಯ ಮುಂದೆ ಒಪ್ಪಂದವೂ ಆಯಿತು. ರಾಜಧಾನಿಯಲ್ಲಿದ್ದ ಸರ್ಕಾರ, ದರ ಅನ್ನೋದು ವ್ಯಾಪಾರಿಗೂ ನೇಕಾರನಿಗೂ ಬಿಟ್ಟ ವಿಷಯ, ನಾವು ನಡುವೆ ಬರೋದಿಲ್ಲ ಅಂದಿತು. ನೇಕಾರರು ಬೀದಿಗೆ ಇಳಿದರು. ಆಗ ಮಾತ್ರ ಸರ್ಕಾರ ನಡುವೆ ಬಂತು, ಸೈನ್ಯ ಕಟ್ಟಿಕೊಂಡು.

ಎದುರು ಮನೆಯ ಜಗುಲಿಗೆ ಇಬ್ಬರು ಹೆಂಗಸರು ಬಂದು ಕೂತಿದ್ದರು. ತಿಪ್ಪಕ್ಕ ದಿಂಡಿನ ಮೇಲೆ ಕೈಯೂರಿ ಕೇಳುತ್ತಿದ್ದಳು.

“ನಡುವೆ ಬರಲ್ಲ ಅನ್ನೋ ಮಾತು ನಾವೂ ಕೇಳೀವಿ” ಎಂದಳು. “ಇಲ್ಲಿ ಸರ್ಕಾರದ ನೂಲಿನ ಡಿಪೋ ಇತ್ತಲ್ಲ, ಅದು ಮುಚ್ಚಿದಾಗ ಸಾಹೇಬ್ರೊಬ್ರು ಬಂದು ಮೀಟಿಂಗ್ ಮಾಡಿದ್ರು. ಇನ್ಮ್ಯಾಲೆ ಸರ್ಕಾರ ನಡುವೆ ಬರಲ್ಲ, ನೀವೂ ಮಾರ್ಕೆಟ್ಟೂ ನೋಡ್ಕಳ್ರಿ ಅಂದ್ರು. ಇದೇ ಮಾತು.”

“ಅದು ಸರಿ ಮೇಷ್ಟ್ರೇ,” ಓಬಣ್ಣ ಕೋಲನ್ನು ಹಗೂರಕ್ಕೆ ಎತ್ತಿ ಹಿಡಿದು ಕೇಳಿದ, “ಅಷ್ಟು ದೂರದ ಮಾತು ಇಲ್ಲಿಗೆ ಯಾವ ಬಸ್ಸಿಗೆ ಬಂತು?”

ಜಗುಲಿಯವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಒಂದು ವಿಷಯ ಹೊಳೆದು ನಗು ನಿಂತುಹೋಯಿತು. ನನ್ನ ಏಳು ವರ್ಷದ ಅಧ್ಯಯನಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಸಮಿತಿಯೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಗೊತ್ತಿದ್ದಷ್ಟು ಹೇಳಿದೆ. ಈ ಮಾತು ನಡುವೆ ಬಹಳ ಕಾಲ ಮೂಲೆಯಲ್ಲಿತ್ತು, ಕೆಲವರು ಕೂಟ ಕಟ್ಟಿ ಅದಕ್ಕೆ ಶಾಸ್ತ್ರ ಬರೆದರು, ಅಲ್ಲಿನ ಸರ್ಕಾರಗಳಿಗೆ ಹಿಡಿಸಿತು, ಆಮೇಲೆ ದೊಡ್ಡ ದೊಡ್ಡ ಕಾಗದಗಳ ಮೇಲೆ ಕೂತು ದೇಶದೇಶ ತಿರುಗಿತು. ಅಲ್ಲಿ ಬಟ್ಟೆ ಮಿಲ್ಲುಗಳು ಮುಚ್ಚಿದ್ದನ್ನೂ ಹೇಳಿದೆ.

“ಮುಚ್ಚಿದ ಮ್ಯಾಲೆ ಅದರಾಗಿದ್ದ ಹೆಣ್ಮಕ್ಳು ಎಲ್ಲಿಗೋದ್ರು?” ಎಂದಳು ಸರೋಜ. ಅಷ್ಟು ಹೊತ್ತು ಗಂಟಿನ ಮೇಲಿನ ಕಣ್ಣು ತೆಗೆಯದೆ ಕೂತಿದ್ದವಳು ಅವಳು.

ಎಷ್ಟು ಮಿಲ್ಲು, ಎಷ್ಟು ಉತ್ಪಾದನೆ, ಯಾವ ಕಾಯ್ದೆ, ಎಲ್ಲ ನನ್ನ ಬಾಯಲ್ಲಿತ್ತು. ಹೆಣ್ಮಕ್ಕಳು ಎಲ್ಲಿಗೆ ಹೋದರು ಎಂಬುದು ಇರಲಿಲ್ಲ.

“ಅದನ್ನ ಓದಿಲ್ಲಮ್ಮ.”

“ಓದ್ರಿ ಮತ್ತೆ. ನೀವೇ ಓದಿಲ್ಲ ಅಂದ್ರೆ ನಮಗ್ ಯಾರ್ ಹೇಳ್ತಾರೆ?”

ಆಗ ಸಮಿತಿಯ ಮಾತನ್ನು ಅವರಿಗೆ ತಿಳಿಸದೆ ವಿಧಿಯಿರಲಿಲ್ಲ. ಯುರೋಪನ್ನು ಬಿಟ್ಟು ನಿಮ್ಮನ್ನೇ ಬರೆಯಬೇಕು ಅಂತ ದೊಡ್ಡವರ ಅಪ್ಪಣೆಯಾಗಿದೆ ಎಂದೆ.

“ನಮ್ಮನ್ನ ಬರ್ಕಳಾಕೆ ಬರೋರಿಗೆ ಏನ್ ಕಮ್ಮಿ ಐತೆ?” ಎಂದಳು ತಿಪ್ಪಕ್ಕ. “ಎರಡು ವರ್ಸದ ಕೆಳಗೆ ಜರ್ಮನಿಯಿಂದ ಒಬ್ಬ ಹುಡುಗಿ ಬಂದು ಮೂರು ತಿಂಗ್ಳು ಇದ್ದು ಬರ್ಕಂಡು ಹೋದ್ಲು. ಒಳ್ಳೇಳು, ಮುದ್ದೆ ಉಂಬೋದು ಕಲ್ತಿದ್ಲು. ಅಲ್ಲಿಂದ ಬಂದು ನಮ್ಮನ್ನ ಬರ್ಕಂಡು ಹೋಗಬೌದು, ಇಲ್ಲಿಂದ ಒಬ್ರು ಅವರನ್ನ ಬರೀಬಾರ್ದು ಅಂದ್ರೆ ಅದ್ಯಾವ ನ್ಯಾಯ? ಮುಂದೆ ನಡೀರಿ, ಗಂಟಾತು.”

ದಿಂಡು ತಿರುಗಿತು. ನಾವು ಮೂವರು ಕೋಲು ಹಿಡಿದು ಹೆಜ್ಜೆ ಹೆಜ್ಜೆಯಾಗಿ ತಿಪ್ಪಕ್ಕನ ಕಡೆ ನಡೆದೆವು. ಅಂದು ಯುರೋಪನ್ನು ಪೂರ್ತಿ ಸುತ್ತಿ ಮುಗಿಸಲು ನಾನು ಕ್ರಮಿಸಿದ ದೂರ ಹದಿನೈದು ಮೀಟರು, ತೆಗೆದುಕೊಂಡ ಕಾಲ ಎರಡು ಗಂಟೆ. ಕೋಲು ಕೆಳಗಿಟ್ಟಾಗ ರಟ್ಟೆಗಳು ನನ್ನವೆಂದು ಅನ್ನಿಸಲಿಲ್ಲ. ಒಗ್ಗರಣೆ ಮಂಡಕ್ಕಿ, ಚಹಾ ಕೊಟ್ಟರು. ಹನ್ನೊಂದು ಎಳೆಗೆ ಏನಾದರೂ ಕೊಡಲು ಜೇಬಿಗೆ ಕೈಹಾಕಿದರೆ ಓಬಣ್ಣ, “ಇಟ್ಕಳ್ರಿ, ನಮ್ಮಳಿಯ ಕೋಲು ಹಿಡಿದ್ರೆ ಇಪ್ಪತ್ತು ಕಡೀತಾನೆ” ಎಂದ. ಸರೋಜ ಅದನ್ನು ಕೇಳಿಸಿಕೊಳ್ಳದವಳಂತೆ ಒಳಗೆ ಹೋದಳು.

ಹನ್ನೊಂದೂಕಾಲರ ಬಸ್ಸಿಗೆ ಎಂಟು ರೂಪಾಯಿ ಕೊಟ್ಟು ರಾಂಪುರಕ್ಕೆ ಹೊರಟೆ. ಗಾಳಿ ಧೂಳೆಬ್ಬಿಸಿ ಗುಡ್ಡಗಳನ್ನು ಮರೆಮಾಡಿತ್ತು. ಮಾರ್ಗದರ್ಶಕರ ಅಂಗಡಿ ಬಳ್ಳಾರಿ ರಸ್ತೆಯಲ್ಲೇ ಇತ್ತು. ಮೂಟೆಗಳ ನಡುವೆ, ಬಿಳಿ ಜುಬ್ಬಾದಲ್ಲಿ, ವಿಚಾರ ಸಂಕಿರಣದ ಅಧ್ಯಕ್ಷತೆ ವಹಿಸಿದ ಗತ್ತಿನಲ್ಲೇ ಕೂತು ರೈತರೊಬ್ಬರಿಗೆ ಶೇಂಗಾ ಬೀಜ ತೂಗುತ್ತಿದ್ದರು. ಅವರನ್ನು ಕಳುಹಿಸಿ ನನ್ನ ಕಡೆ ತಿರುಗಿದರು.

“ಎಷ್ಟು ನಮೂನೆ ತುಂಬಿದೆ?”

“ಒಂದು. ಆರನೇ ಪ್ರಶ್ನೆವರೆಗೆ. ಅದೂ ಬಾಯಲ್ಲಿ.”

“ಯಾವ ಕಾಗದ?”

ಯುರೋಪಿನದನ್ನು ತಕ್ಕಡಿಯ ಪಕ್ಕದಲ್ಲಿಟ್ಟೆ. ಯಾಕೆ ಎಂದರು. ನಾನು ವಾದ ಮಂಡಿಸಲಿಲ್ಲ. ಬೀದಿಯಲ್ಲಿ ನಡೆದದ್ದನ್ನು ಎಳೆ ಕಡಿದದ್ದೂ ಸೇರಿ ಒಪ್ಪಿಸಿದೆ. ಯಾವ ಬಸ್ಸಿಗೆ ಬಂತು ಎಂಬ ಮಾತಿಗೆ ಅವರು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಂಡೆ.

“ಅವರಿಗೆ ಬೇಕು ಅಂತ ಬರೀತೀಯಾ?” ಎಂದರು ಕಣ್ಣು ತೆರೆಯದೆ.

“ಅವರ ಬದುಕಿನ ಅರ್ಧ ಅಲ್ಲಿ ಕೂತು ಯಾರೋ ಬರೆದಿದ್ದಾರೆ ಸಾರ್. ಬರೆದವರನ್ನ ಓದೋರು ಈ ಕಡೆ ಒಬ್ಬರಾದ್ರೂ ಬೇಕು. ಸಮಿತಿ ಒಪ್ಪದಿದ್ರೆ ಮತ್ತೆ ಅವರ ಮುಂದೆ ಹೋಗ್ತೀನಿ. ಅದಕ್ಕೂ ಒಪ್ಪದಿದ್ರೆ ಇನ್ನೊಂದ್ಸಲ ಹೋಗ್ತೀನಿ.”

ಮೇಲಿನ ಜೇಬಿನಿಂದ ಪೆನ್ನು ತೆಗೆದು ಮೂರು ಕಡೆ ಸಹಿ ಹಾಕಿದರು. ಆ ಕಾಗದ ಸೋಮವಾರ ಹನ್ನೆರಡಕ್ಕೆ ಮುಂಚೆಯೇ ಕಚೇರಿ ಮುಟ್ಟಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಗುಮಾಸ್ತರು ಮುದ್ರೆ ಒತ್ತಿ ಆಕಳಿಸಿದರು, ಯುರೋಪ್ ನನ್ನ ಹೆಸರಿನಲ್ಲೇ ಉಳಿಯಿತು.

ನಾನು ನಮಸ್ಕರಿಸಿ ಏಳುವಾಗ ಮಾರ್ಗದರ್ಶಕರು ಮೂಟೆಗಳ ಹಿಂದೆ ಕೈಹಾಕಿ ಒಂದು ಕಟ್ಟು ಹೊರಗೆಳೆದರು. ಆರು ತಿಂಗಳ ಹಿಂದೆ ನಾನು ಅಂಚೆಯಲ್ಲಿ ಕಳಿಸಿದ್ದ ಪ್ರಬಂಧದ ಕರಡು, ನೂರ ಅರವತ್ತು ಪುಟ. ಅಂಚಿನಲ್ಲಿ ಒಂದೂ ಗುರುತಿರಲಿಲ್ಲ.

“ಎರಡು ಸಲ ಓದಿದೆ,” ಎಂದರು, “ಇದರಲ್ಲಿ ದರ ಇದೆ, ಕಾಯ್ದೆ ಇದೆ, ಒಪ್ಪಂದ ಇದೆ. ಒಬ್ಬ ಮನುಷ್ಯ ಇಲ್ಲ. ಇಷ್ಟು ದಿನ ಹೇಗೆ ಹೇಳೋದು ಅಂತ ಸುಮ್ಮನಿದ್ದೆ. ಗಂಟು ಹಾಕ್ತಿದ್ದ ಆ ಹುಡುಗಿ ನೆಟ್ಟಗೆ ಹೇಳಿದಾಳೆ.”

“ಎಷ್ಟು ತಿದ್ದಬೇಕು ಸಾರ್?”

“ತಿದ್ದೋಕಾಗಲ್ಲ. ಮತ್ತೆ ಬರಿ.”

ಆಗಲಿ ಎಂದೆ. ಕಟ್ಟನ್ನು ಚೀಲಕ್ಕೆ ಸೇರಿಸಿದೆ.

ಮೂರೂವರೆಗೆ ಬಳ್ಳಾರಿಯಿಂದ ಬಂದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಹಾನಗಲ್ಲಿನ ಕ್ರಾಸಿನಲ್ಲಿ ಎಡಕ್ಕೆ ತಿರುಗಿ ನೋಡಿದೆ. ಮೊಳಕಾಲ್ಮೂರಿನ ದಿಕ್ಕಿನಲ್ಲಿ ಧೂಳು ಬಿಟ್ಟು ಏನೂ ಕಾಣಿಸಲಿಲ್ಲ. ಕಟ್ಟು ಬಿಚ್ಚಿ, ಮೊದಲ ಪುಟ ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಕುಲುಕಾಟದಲ್ಲಿ ಗೆರೆ ಸೊಟ್ಟಗಾದರೂ ಬಿಡದೆ ಹೊಡೆದುಹಾಕುತ್ತ ಹೋದೆ. ತಳಕಿಗೆ ಬರುವಾಗ ಇಪ್ಪತ್ತೆರಡು ಪುಟವಾಗಿತ್ತು. ಚಳ್ಳಕೆರೆಯಲ್ಲಿ ದೀಪ ಹತ್ತುವ ಹೊತ್ತಿಗೆ ಮೊದಲ ಅಧ್ಯಾಯದಲ್ಲಿ ಉಳಿದಿದ್ದದ್ದು ನನ್ನ ಹೆಸರು ಮತ್ತು ಪುಟಸಂಖ್ಯೆ. ಕೊನೆಯ ಹಾಳೆಯ ಹಿಂಬದಿ ತಿರುವಿ, ಮುಚ್ಚಿದ ಮಿಲ್ಲಿನ ಹೆಂಗಸರು ಎಲ್ಲಿಗೆ ಹೋದರು ಎಂದು ಬರೆದು, ಒಂದನೇ ಪ್ರಶ್ನೆ ಎಂದು ಸಂಖ್ಯೆ ಹಾಕಿ, ಬಸ್ಸಿಳಿದೆ.